ಪಾರ್ಟ್ ಚೆನ್ನಾಗಿದೆ, ಫಿಟ್ಟಿಂಗ್ ಸರಿಯಿಲ್ಲ: ಕಾರ್ ಬಿಡಿಭಾಗದ ಚೈನ್ ಅಂಗಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಲ್ಬು, ವೈಪರ್, ಬ್ಯಾಟರಿ, ಡ್ಯಾಶ್‌ಕ್ಯಾಮ್, ಬ್ರೇಕ್ ಪ್ಯಾಡ್ ಮಾರುವ ದೊಡ್ಡ ಚೈನ್ ಅಂಗಡಿಗಳಲ್ಲಿ "ನಾವೇ ಹಾಕಿಕೊಡ್ತೀವಿ" ಅನ್ನುವ ಬೋರ್ಡು ಈಗ ಸಾಮಾನ್ಯ. ಅಲ್ಲೇ ಕೊಂಡು ಅಲ್ಲೇ ಹಾಕಿಸಿಕೊಂಡರೆ ಅನುಕೂಲ ನಿಜ. ಆದರೆ ಪಾರ್ಟ್ ಮಾರುವುದು ಒಂದು ಕೆಲಸ, ಅದನ್ನು ಕಾರಿಗೆ ಸರಿಯಾಗಿ ಕೂರಿಸುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಪಳಗಿದ ಅಂಗಡಿ ಎರಡನೆಯದರಲ್ಲೂ ಪಳಗಿದೆ ಅಂತ ನಾವೇ ಅಂದುಕೊಳ್ಳುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಕಾರಿನ ವಿಷಯ ಬಂದಾಗ ಸ್ನೇಹಿತರು, ನೆಂಟರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಅಷ್ಟು ದೊಡ್ಡ ಅಂಗಡಿ, ಆದರೂ ಕೆಲಸ ಯಾಕೆ ಕೆಡುತ್ತದೆ?

ಗ್ಯಾರೇಜಿನಲ್ಲಿ ದಿನವಿಡೀ ಕಾರು ಬಿಚ್ಚಿ ಕಟ್ಟುವವನೇ ನಿಮ್ಮ ಕಾರನ್ನು ಮುಟ್ಟುತ್ತಾನೆ. ಚೈನ್ ಅಂಗಡಿಯಲ್ಲಿ ಹಾಗೇ ಆಗುತ್ತದೆ ಅಂತ ಹೇಳಲಾಗದು. ಈಗಷ್ಟೇ ಬಿಲ್ಲಿಂಗ್ ಕೌಂಟರಿನಲ್ಲಿದ್ದ ಹುಡುಗನೇ ಹೊರಗೆ ಬಂದು ನಿಮ್ಮ ಬಾನೆಟ್ ಎತ್ತಬಹುದು. ಒಳಗೆ ಕ್ಯೂ ಬೆಳೆಯುತ್ತಿರುತ್ತದೆ, ಅವನಿಗೆ ಬೇಗ ಮುಗಿಸಿ ಓಡುವ ಅವಸರ. ಕಲಿಸಿಕೊಟ್ಟದ್ದು ಕಡಿಮೆ, ಕಾರಿನ ಮಾಡೆಲ್‌ಗಳು ನೂರಾರು.

ನಾನು ಆ ಹುಡುಗನನ್ನು ಬೈಯುವುದಿಲ್ಲ. ತರಬೇತಿ ಕೊಡದೆ, ಸಮಯ ಕೊಡದೆ, ಸರಿಯಾದ ಟೂಲ್ ಕೊಡದೆ ಕಳಿಸಿದವರದ್ದು ತಪ್ಪು. ಒಂದೇ ಹೆಸರಿನ ಎರಡು ಶಾಖೆಗಳ ನಡುವೆ ಇಷ್ಟೊಂದು ವ್ಯತ್ಯಾಸ ಇರುವುದೂ ಇದಕ್ಕೇ. ಒಂದು ಕಡೆ ಹಳೇ ಮೆಕ್ಯಾನಿಕ್ ಒಬ್ಬರು ಇರುತ್ತಾರೆ, ಕೆಲಸ ಅಚ್ಚುಕಟ್ಟು. ಇನ್ನೊಂದು ಕಡೆ ಅಂಥವರು ಯಾರೂ ಇರುವುದಿಲ್ಲ. ಬೋರ್ಡು ಮಾತ್ರ ಎರಡೂ ಕಡೆ ಒಂದೇ.

ಯಾವ ಕೆಲಸ ಅಲ್ಲಿ ಕೊಡಬಹುದು, ಯಾವುದು ಬೇಡ?

ವೈಪರ್, ಸುಲಭವಾಗಿ ಕೈಗೆ ಸಿಗುವ ಬಲ್ಬು, ಬಾನೆಟ್ ಕೆಳಗಿರುವ ಮಾಮೂಲಿ ಬ್ಯಾಟರಿ: ಇವನ್ನು ಕೊಡಬಹುದು. ಬಂಪರ್ ಅಥವಾ ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಮಾತ್ರ ಸಿಗುವ ಬಲ್ಬು, ಸ್ಟಾರ್ಟ್-ಸ್ಟಾಪ್ (ಕಾರು ನಿಂತಾಗ ಎಂಜಿನ್ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ವ್ಯವಸ್ಥೆ) ಇರುವ ಕಾರಿನ ಬ್ಯಾಟರಿ, ಡ್ಯಾಶ್‌ಕ್ಯಾಮಿನ ಒಳ ವೈರಿಂಗ್: ಇವನ್ನು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬ್ರೇಕ್ ಕೆಲಸ ಮಾತ್ರ, ನನ್ನ ಮಾತು ಕೇಳುವುದಾದರೆ, ಕಾರು ಎತ್ತುವ ಲಿಫ್ಟೂ ತರಬೇತಿ ಪಡೆದ ಮೆಕ್ಯಾನಿಕ್ಕೂ ಇರುವ ಜಾಗದಲ್ಲೇ ಆಗಬೇಕು. ಪಾರ್ಕಿಂಗ್ ಜಾಗದಲ್ಲಿ ಜಾಕ್ ಕೊಟ್ಟು ಮಾಡುವ ಕೆಲಸ ಅದಲ್ಲ.

ಆ ನಾಲ್ಕು ಪ್ರಶ್ನೆ ಯಾವುವು?

ಕೆಲಸ ಮಾಡುವವರು ಯಾರು? ಇದೇ ಮಾಡೆಲ್‌ಗೆ ಮೊದಲು ಹಾಕಿದ್ದೀರಾ? ಬಿಚ್ಚುವಾಗ ಏನಾದರೂ ಮುರಿದರೆ ಖರ್ಚು ಯಾರದ್ದು? ಹಾಕಿದ್ದನ್ನು ಯಾರು, ಹೇಗೆ ಚೆಕ್ ಮಾಡುತ್ತಾರೆ?

ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಜಾಸ್ತಿ ತಿಳಿಸುತ್ತದೆ. "ಆ ಕಾರಿಗೆ ಎಡಗಡೆ ಬಲ್ಬಿಗೆ ಬ್ಯಾಟರಿ ಬಿಚ್ಚಬೇಕು, ಸ್ವಲ್ಪ ಹೊತ್ತಾಗುತ್ತೆ" ಅಂದರೆ ಅವರಿಗೆ ಕೆಲಸ ಗೊತ್ತು. ಕಾರನ್ನು ನೋಡದೇ "ಅಯ್ಯೋ, ಎಲ್ಲಾ ಒಂದೇ ಸಾರ್" ಅಂದರೆ ಪಾರ್ಟ್ ಮಾತ್ರ ಕೊಂಡು ಹೊರಡಿ.

ಕಂಪ್ಯೂಟರಿನಲ್ಲಿ ನೋಡಿಯೇ ಪಾರ್ಟ್ ಕೊಟ್ಟರು. ಆದರೂ ಹೊಂದುತ್ತಿಲ್ಲ, ಯಾಕೆ?

ಮಾಡೆಲ್ ಹೆಸರು, ವರ್ಷ ಇಷ್ಟನ್ನೇ ಹಾಕಿ ಹುಡುಕಿದರೆ ಹೀಗಾಗುತ್ತದೆ. ಕಂಪನಿಗಳು ವರ್ಷದ ನಡುವೆಯೇ ಪಾರ್ಟ್ ಬದಲಿಸುತ್ತವೆ. ಒಂದೇ ಕಾರಿನ ಕೆಳಗಿನ ಮಾಡೆಲ್‌ಗೆ ಒಂದು ಹೆಡ್‌ಲೈಟ್, ಮೇಲಿನ ಮಾಡೆಲ್‌ಗೆ ಇನ್ನೊಂದು. ಎಂಜಿನ್ ಬೇರೆಯಾದರೆ ಬ್ರೇಕ್ ಡಿಸ್ಕಿನ ಅಳತೆಯೂ ಬೇರೆ ಇರಬಹುದು. 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಹಾಕಿ ಹುಡುಕಿದರೆ ಉತ್ತರ ಹೆಚ್ಚು ನಂಬಬಹುದು. ಎಲ್ಲಕ್ಕಿಂತ ಒಳ್ಳೆಯದು ಹಳೇ ಪಾರ್ಟನ್ನೂ ಹೊಸದನ್ನೂ ಪಕ್ಕ ಪಕ್ಕ ಹಿಡಿದು ನೋಡುವುದು. ಬಲ್ಬಿನ ಬುಡದಲ್ಲಿ ಅದರ ಮಾದರಿ ಬರೆದೇ ಇರುತ್ತದೆ: ಎಚ್4, ಎಚ್7, ಎಚ್11 ಹೀಗೆ. ಇದು ತಾಳೆಯಾಗದೆ "ಸ್ವಲ್ಪ ಒತ್ತಿದರೆ ಕೂರುತ್ತೆ" ಅಂದರೆ ಅಲ್ಲಿಗೇ ನಿಲ್ಲಿಸಿ.

ಹೆಡ್‌ಲೈಟ್ ಬಲ್ಬು ಹಾಕಿಸಿದ ಮೇಲೆ ಎದುರಿನವರೆಲ್ಲ ನನಗೆ ಲೈಟ್ ಹೊಡೆದು ತೋರಿಸುತ್ತಾರೆ. ಬಲ್ಬು ಜಾಸ್ತಿ ಪವರಿಂದಾ?

ಪವರ್ ಸರಿಯಾಗಿಯೇ ಇರಬಹುದು. ಬಲ್ಬು ಸೊಟ್ಟಗೆ ಕೂತಿರುವ ಸಾಧ್ಯತೆ ಹೆಚ್ಚು. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಗಾಜಿನೊಳಗೆ ಎರಡು ಫಿಲಮೆಂಟ್ ಇರುತ್ತವೆ, 60 ವ್ಯಾಟಿನದು ಹೈ ಬೀಮಿಗೆ, 55 ವ್ಯಾಟಿನದು ಡಿಪ್ಪಿಗೆ. ಡಿಪ್ ಫಿಲಮೆಂಟಿನ ಕೆಳಗೆ ದೋಣಿಯ ಆಕಾರದ ಪುಟ್ಟ ಲೋಹದ ತಗಡು ಇರುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೋಗದಂತೆ ತಡೆಯುವುದು ಅದೇ. ಬುಡದ ಲೋಹದ ತಟ್ಟೆಗೆ ಮೂರು ಕಿವಿ ಇರುತ್ತವೆ. ಬಲ್ಬು ಒಂದೇ ರೀತಿಯಲ್ಲಿ ಕೂರಲಿ ಅಂತ ಅವನ್ನು ಸಮಾನವಾಗಿ ಇಟ್ಟಿರುವುದಿಲ್ಲ. ಕತ್ತಲಲ್ಲಿ ಕೈ ತೂರಿಸಿ, ಕಿವಿ ಕೂತಿದೆಯೋ ಇಲ್ಲವೋ ನೋಡದೆ ಸ್ಪ್ರಿಂಗ್ ಕ್ಲಿಪ್ ಒತ್ತಿಬಿಟ್ಟರೆ ಬಲ್ಬು ಉರಿಯುತ್ತದೆ, ಆದರೆ ತಗಡಿನ ಜಾಗ ತಪ್ಪಿರುತ್ತದೆ. ಬೆಳಕು ರಸ್ತೆ ಬಿಟ್ಟು ಮೇಲಕ್ಕೆ ಚೆಲ್ಲುತ್ತದೆ. ಎಚ್7ನಲ್ಲಿ ಒಂದೇ ಫಿಲಮೆಂಟ್, ತಗಡು ಇಲ್ಲ. ಆದರೂ ಬುಡ ಸಪಾಟಾಗಿ ಕೂರದಿದ್ದರೆ ಅದೇ ಕಥೆ.

ಕಂಡುಹಿಡಿಯುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಡಿಪ್ ಹಾಕಿ. ಎರಡೂ ದೀಪದ ಬೆಳಕಿಗೆ ಮೇಲ್ಗಡೆ ಕತ್ತರಿಸಿದಂಥ ಅಂಚು ಕಾಣಬೇಕು, ಎರಡೂ ಒಂದೇ ಎತ್ತರದಲ್ಲಿರಬೇಕು. ಒಂದು ಕಡೆ ಅಂಚು ಕದಡಿದ್ದರೆ ಆ ಕಡೆಯ ಬಲ್ಬು ಸರಿಯಾಗಿ ಕೂತಿಲ್ಲ. ಆಗ ಹೆಡ್‌ಲೈಟ್ ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಲು ಬಿಡಬೇಡಿ. ಮೊದಲು ಬಲ್ಬು ತೆಗೆದು ಮತ್ತೆ ಕೂರಿಸಲಿ.

ಇನ್ನೂ ಎರಡು ವಿಷಯ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬೆರಳಲ್ಲಿ ಮುಟ್ಟಬಾರದು. ಚರ್ಮದ ಎಣ್ಣೆ ಅಂಟಿದ ಜಾಗ ಜಾಸ್ತಿ ಕಾದು, ಬಲ್ಬು ಬೇಗ ಹೋಗುತ್ತದೆ. ಮತ್ತೆ, ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳ ವಾಪಸ್ ಕೂತಿದೆಯಾ ನೋಡಿ. ನಾನು ಒಂದು ಚೈನ್ ಅಂಗಡಿಯಲ್ಲಿ ಬಲ್ಬು ಹಾಕಿಸಿದಾಗ ಅವರು ಆ ಮುಚ್ಚಳವನ್ನು ಬ್ಯಾಟರಿಯ ಪಕ್ಕದಲ್ಲೇ ಬಿಟ್ಟು ಬಾನೆಟ್ ಮುಚ್ಚಿದ್ದರು. ಮಳೆ ಬಂದ ಮೇಲೆ ಹೆಡ್‌ಲೈಟಿನ ಒಳಗೆಲ್ಲ ನೀರಿನ ಹನಿ. ಅಷ್ಟು ಸಣ್ಣ ರಬ್ಬರಿಗೆ ಇಡೀ ಲ್ಯಾಂಪ್ ಹಾಳಾಗಬಹುದು.

ಹೊಸ ವೈಪರ್ ಕಿರ್ ಅನ್ನುತ್ತಿದೆ, ನೀರು ಸರಿಯಾಗಿ ಒರೆಸುತ್ತಿಲ್ಲ.

ಹೊಸ ಬ್ಲೇಡಿನ ರಬ್ಬರಿಗೆ ಉದ್ದಕ್ಕೂ ಒಂದು ಪ್ಲಾಸ್ಟಿಕ್ ಕವಚ ಇರಬಹುದು. ಅದನ್ನು ತೆಗೆಯದೆ ಹಾಕಿದ್ದಾರಾ ಅಂತ ಮೊದಲು ನೋಡಿ. ಆಮೇಲೆ ಡ್ರೈವರ್ ಕಡೆಯದು, ಪಕ್ಕದ ಸೀಟಿನ ಕಡೆಯದು ಅದಲುಬದಲಾಗಿದೆಯಾ ನೋಡಿ. ಬಹಳ ಕಾರುಗಳಲ್ಲಿ ಎರಡರ ಉದ್ದ ಬೇರೆ ಬೇರೆ. ಕೊನೆಗೆ ಬ್ಲೇಡನ್ನು ಮೆಲ್ಲಗೆ ಎಳೆದು ನೋಡಿ. ಟಕ್ ಅಂತ ಕೂತಿದ್ದರೆ ಅಲುಗುವುದಿಲ್ಲ. ಅರ್ಧ ಕೂತ ಬ್ಲೇಡು ಜೋರು ಮಳೆಯಲ್ಲೇ ಕಿತ್ತು ಹಾರುವುದು.

ಬ್ಯಾಟರಿ ಬದಲಿಸಿದ ಮೇಲೆ ಏನೇನೋ ಕೆಲಸ ಮಾಡುತ್ತಿಲ್ಲ. ಹಾಳು ಮಾಡಿಬಿಟ್ಟರಾ?

ಕೆಲವು ಸಹಜ. ಕರೆಂಟು ತಪ್ಪಿದ್ದರಿಂದ ಗಡಿಯಾರ, ರೇಡಿಯೋ ಸ್ಟೇಷನ್‌ಗಳು ಅಳಿಸಿಹೋಗಿರುತ್ತವೆ. ಹಳೇ ರೇಡಿಯೋ ಆದರೆ ಕೋಡ್ ಕೇಳಬಹುದು. ಪವರ್ ವಿಂಡೋ ಒಂದೇ ಒತ್ತಿಗೆ ಪೂರ್ತಿ ಏರುವುದು ನಿಂತಿರಬಹುದು. ಕಾರಿನ ಕೈಪಿಡಿಯಲ್ಲಿ ಅದನ್ನು ಮತ್ತೆ ಕಲಿಸುವ ಕ್ರಮ ಇರುತ್ತದೆ. ಇದನ್ನೆಲ್ಲ ಅಂಗಡಿಯವರು ಮೊದಲೇ ಹೇಳಬೇಕಿತ್ತು, ಆದರೆ ಹಾಳಾಗಿದ್ದೇನಿಲ್ಲ.

ನಿಜವಾದ ತಪ್ಪುಗಳು ಬೇರೆ. ಮೊದಲನೆಯದು ಬ್ಯಾಟರಿಯ ಜಾತಿ. ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಹೆಚ್ಚು ಹೊರೆ ತಾಳುವ ಬ್ಯಾಟರಿ ಬೇಕು. ಮಾಮೂಲಿ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪದೇ ಪದೇ ಎಂಜಿನ್ ನಿಂತು ಸ್ಟಾರ್ಟ್ ಆಗುವ ಹೊರೆ ತಾಳದೆ ಅದು ಬೇಗ ಸಾಯುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ತಿಳಿಸಬೇಕಾಗುತ್ತದೆ. ಹಾಗೆ ತಿಳಿಸದಿದ್ದರೆ ಕಾರು ಹಳೇ ಬ್ಯಾಟರಿಗೆ ಮಾಡುತ್ತಿದ್ದ ಹಾಗೇ ಚಾರ್ಜ್ ಮಾಡುತ್ತಿರುತ್ತದೆ.

ಎರಡನೆಯದು ಕೂರಿಸುವ ರೀತಿ. ಬ್ಯಾಟರಿಯನ್ನು ಕೈಯಿಂದ ಅಲುಗಿಸಿ ನೋಡಿ. ಬುಡದ ಕ್ಲಾಂಪ್ ಬಿಗಿದಿದ್ದರೆ ಅದು ಕದಲಬಾರದು. ಟರ್ಮಿನಲ್‌ಗಳೂ ಕೈಯಲ್ಲಿ ತಿರುಗಬಾರದು. ಪ್ಲಸ್ ಟರ್ಮಿನಲ್ ಮೇಲಿನ ಕೆಂಪು ಮುಚ್ಚಳ ಇರಬೇಕು. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಸಣ್ಣ ಗಾಳಿ ಕೊಳವೆಯನ್ನು ಮರೆಯದೆ ಸೇರಿಸಿರಬೇಕು. ಚಾರ್ಜ್ ಆಗುವಾಗ ಬರುವ ಹೈಡ್ರೊಜನ್ ಹೊರಗೆ ಹೋಗುವುದು ಅದರಲ್ಲೇ.

ಕೆಲಸದ ಕ್ರಮವನ್ನೂ ಗಮನಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದಕ್ಕೆ ಕಾರಣ ಇದೆ. ಮೈನಸ್ ಇನ್ನೂ ಕಾರಿನ ಬಾಡಿಗೆ ಸೇರಿರುವಾಗ ಪ್ಲಸ್ ಬಿಚ್ಚಲು ಹೋದರೆ, ಸ್ಪ್ಯಾನರ್ ಪಕ್ಕದ ಲೋಹಕ್ಕೆ ತಗುಲಿದರೂ ಸಾಕು, ಶಾರ್ಟ್ ಆಗುತ್ತದೆ. ಯಾರಾದರೂ ನೇರ ಪ್ಲಸ್‌ಗೆ ಸ್ಪ್ಯಾನರ್ ಹಾಕಿದರೆ ಅವರಿಗೆ ಈ ಕೆಲಸದ ಮೊದಲ ಪಾಠವೇ ಆಗಿಲ್ಲ ಅಂತ ತಿಳಿಯಿರಿ.

ಹೊಸ ಬ್ಯಾಟರಿಯೇ ಸರಿಯಿಲ್ಲ ಅಂತ ಅನುಮಾನ. ಮನೆಯಲ್ಲಿ ನೋಡಬಹುದಾ?

ವೋಲ್ಟೇಜ್ ಅಳೆಯುವ ಸಾದಾ ಮಲ್ಟಿಮೀಟರ್ ಸಾಕು. ಕಾರು ಕೆಲವು ಗಂಟೆ ಸುಮ್ನೆ ನಿಂತ ಮೇಲೆ 12.6 ವೋಲ್ಟಿನ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಇದೆ. 12 ವೋಲ್ಟಿಗೆ ಇಳಿದಿದ್ದರೆ ಹೆಚ್ಚು ಕಡಿಮೆ ಖಾಲಿ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.7ರ ನಡುವೆ ಇರುತ್ತದೆ, ಈಚಿನ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅಂಗಡಿಗೆ ಹೋದಾಗ "ಬ್ಯಾಟರಿ ವೀಕು" ಅನ್ನುವ ಬದಲು ಈ ಅಂಕಿಗಳನ್ನು ಹೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಡ್ಯಾಶ್‌ಕ್ಯಾಮ್ ಹಾಕಿಸಿದೆ. ಈಗ ಬೆಳಗಾದರೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಕೀ ತೆಗೆದ ಮೇಲೂ ಕರೆಂಟ್ ಇರುವ ಫ್ಯೂಸಿಗೆ ಕ್ಯಾಮೆರಾ ಸೇರಿಸಿರಬಹುದು. ರಾತ್ರಿಯಿಡೀ ಅದು ಬ್ಯಾಟರಿ ಹೀರುತ್ತಿರುತ್ತದೆ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಿಸಬೇಕು. ಕಾರು ನಿಂತಾಗಲೂ ರೆಕಾರ್ಡ್ ಆಗಬೇಕು ಅಂತಿದ್ದರೆ, ವೋಲ್ಟೇಜ್ ಇಳಿದಾಗ ತಾನೇ ಕಡಿತ ಮಾಡುವ ಕಿಟ್ ಬೇಕು.

ಇದಕ್ಕಿಂತ ನನಗೆ ಚಿಂತೆ ಹುಟ್ಟಿಸುವುದು ವೈರ್ ಹೋದ ದಾರಿ. ವಿಂಡ್‌ಸ್ಕ್ರೀನಿನ ಪಕ್ಕದ ಕಂಬದ ಹೊದಿಕೆಯೊಳಗೆ ಎಷ್ಟೋ ಕಾರುಗಳಲ್ಲಿ, ಕಿಟಕಿ ಬದಿಯಿಂದ ತಲೆಯನ್ನು ಕಾಯುವ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತದೆ. ವೈರ್ ಅದರ ಹಿಂದಿನಿಂದ ಹೋಗಬೇಕು. ಅಡ್ಡವಾಗಿ ಮುಂದಿನಿಂದ ಎಳೆದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡಿಯಾಗಬಹುದು. ವೈರನ್ನು ಎಲ್ಲಿಂದ ತಂದಿರಿ ಅಂತ ತೋರಿಸಲು ಹೇಳಿ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಫ್ಯೂಸಿನಿಂದ ಕ್ಯಾಮೆರಾಗೆ ಕರೆಂಟ್ ಎಳೆದಿದ್ದರೆ ಅವತ್ತೇ ತೆಗೆಸಿ.

ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ ಪೆಡಲ್ ಮೆತ್ತಗಿದೆ. ಓಡಿಸುತ್ತಾ ಸರಿ ಹೋಗುತ್ತಾ?

ಓಡಿಸಬೇಡಿ. ಹೊಸ ಪ್ಯಾಡ್ ಹಾಕಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರೆ. ಕಾರು ಕದಲಿಸುವ ಮುಂಚೆ ಪೆಡಲನ್ನು ಹಲವು ಸಲ ಒತ್ತಿ ಅದನ್ನು ಮತ್ತೆ ಮುಂದಕ್ಕೆ ತರಬೇಕು. ಹಾಗೆ ಒತ್ತಿದ ಮೇಲೂ ಪೆಡಲ್ ಗಟ್ಟಿಯಾಗದಿದ್ದರೆ ಗಾಳಿ ಸೇರಿರಬಹುದು, ಎಲ್ಲೋ ಆಯಿಲ್ ಸೋರುತ್ತಿರಬಹುದು. ಕಾರು ಅಲ್ಲೇ ನಿಲ್ಲಲಿ, ಅವರೇ ಬಂದು ನೋಡಲಿ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಒಂದಷ್ಟು ದೂರ ಓಡಬೇಕು ಅನ್ನುವುದು ನಿಜ. ಆ ಸಮಯದಲ್ಲಿ ಹಿಡಿತ ಸ್ವಲ್ಪ ಕಡಿಮೆ ಇರಬಹುದು, ಸಣ್ಣ ಶಬ್ದ ಬರಬಹುದು. ಆದರೆ ಪೆಡಲ್ ನೆಲ ಮುಟ್ಟುವುದು, ಕಾರು ಒಂದು ಕಡೆಗೆ ಎಳೆಯುವುದು, ಲೋಹ ಉಜ್ಜಿದ ಸದ್ದು: ಇವು ಯಾವುವೂ "ಹೊಸದು, ಹಾಗೇ ಇರುತ್ತೆ" ಅನ್ನುವ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾಡನ್ನು ತಿರುಗಿಸಿ, ತಗಡಿನ ಬೆನ್ನು ಡಿಸ್ಕಿನ ಕಡೆಗೆ ಬರುವಂತೆ ಹಾಕಿದ ಪ್ರಸಂಗಗಳೂ ಇವೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಹಿಂದಿನ ಪ್ಯಾಡು ಬದಲಿಸುವ ಮೊದಲು ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಬಲವಂತವಾಗಿ ಒತ್ತಿದರೆ ಅದರ ಮೋಟಾರೇ ಹೋಗಬಹುದು.

ಚಕ್ರ ಬಿಚ್ಚಿ ಹಾಕಿದ್ದರೆ ಏನು ನೋಡಬೇಕು?

ನಟ್ಟುಗಳನ್ನು ಕೊನೆಯಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದರಾ ನೋಡಿ. ಸಣ್ಣ, ಮಧ್ಯಮ ಕಾರುಗಳಿಗೆ ಈ ಬಿಗಿತ ಸಾಮಾನ್ಯವಾಗಿ 90ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಕಾರಿನ ಅಂಕಿ ಕೈಪಿಡಿಯಲ್ಲಿದೆ. ಗಾಳಿ ಗನ್ನಿನಲ್ಲಿ ಗರ್ ಅನ್ನಿಸಿ ಬಿಟ್ಟರೆ ಅತಿ ಬಿಗಿಯಾಗಿ ಸ್ಟಡ್ ಹಾಳಾಗಬಹುದು, ಪಂಕ್ಚರ್ ಆದಾಗ ನಿಮ್ಮಿಂದ ಬಿಚ್ಚಲೂ ಆಗದು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಚೆಕ್ ಮಾಡಿಸಿ.

ಕಾರು ತೆಗೆದುಕೊಂಡು ಹೊರಡುವ ಮುಂಚೆ ಏನು ಮಾಡಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ದುಡ್ಡು ಕೊಟ್ಟ ಕೂಡಲೇ ಕೀ ತಿರುಗಿಸಿ ಹೊರಡಬೇಡಿ. ಕೆಲಸ ಮಾಡಿದವರು ಪಕ್ಕದಲ್ಲಿ ಇರುವಾಗಲೇ ಎಲ್ಲಾ ಲೈಟು ಹಾಕಿಸಿ: ಡಿಪ್, ಹೈ ಬೀಮ್, ಇಂಡಿಕೇಟರ್, ಬ್ರೇಕ್ ಲೈಟು, ರಿವರ್ಸ್. ಒಂದು ಬಲ್ಬು ಬದಲಿಸುವಾಗ ಪಕ್ಕದ ಪ್ಲಗ್ ಸಡಿಲವಾಗುವುದು ತೀರಾ ಮಾಮೂಲಿ. ಡ್ಯಾಶ್‌ಬೋರ್ಡಿನಲ್ಲಿ ಹೊಸ ಎಚ್ಚರಿಕೆ ದೀಪ ಬಂದಿದೆಯಾ ನೋಡಿ. ಬಾನೆಟ್ ಎತ್ತಿಸಿ, ಉಳಿದ ಸ್ಕ್ರೂ, ಕ್ಲಿಪ್, ಮರೆತ ಸ್ಪ್ಯಾನರ್ ಇದೆಯಾ ನೋಡಿ. ಹಳೇ ಪಾರ್ಟ್ ವಾಪಸ್ ಕೇಳಿ. ಬಿಲ್ಲಿನಲ್ಲಿ ಪಾರ್ಟಿನ ಹೆಸರಿನ ಜೊತೆ "ಹಾಕಿಕೊಡಲಾಗಿದೆ" ಅಂತಲೂ ಇರಬೇಕು. ಸಂಕೋಚ ಬೇಡ. ಐದು ನಿಮಿಷ ಅಲ್ಲಿ ನಿಂತರೆ ಮುಂದೆ ವಾರಗಟ್ಟಲೆ ಫೋನ್ ಮಾಡುವುದು ತಪ್ಪುತ್ತದೆ.

ಕ್ಲಿಪ್ ಮುರಿದಿದ್ದಾರೆ, ಗೀರು ಬಿದ್ದಿದೆ. ಕೇಳಿದರೆ "ಮೊದಲೇ ಹಾಗಿತ್ತು" ಅಂತಾರೆ.

ಬಹಳ ಜನ ಸೋಲುವುದು ಈ ಮಾತಿಗೆ. ಕಾರು ಕೊಡುವ ಮುಂಚೆಯೇ ಕೆಲಸ ನಡೆಯುವ ಜಾಗದ ಫೋಟೋ ತೆಗೆದುಕೊಳ್ಳಿ, ಓಡೋಮೀಟರಿನದ್ದೂ ಒಂದು ಇರಲಿ. ಫೋಟೋ ಇಲ್ಲದಿದ್ದರೂ ಕೈಚೆಲ್ಲಬೇಡಿ. ಹೊಸದಾಗಿ ಮುರಿದ ಪ್ಲಾಸ್ಟಿಕ್ಕಿನ ಅಂಚು ಸ್ವಚ್ಛವಾಗಿ, ತಿಳಿ ಬಣ್ಣದಲ್ಲಿರುತ್ತದೆ. ಹಳೇ ಮುರಿತದಲ್ಲಿ ಧೂಳು, ಎಣ್ಣೆ ಕೂತಿರುತ್ತದೆ. ಹತ್ತಿರದಿಂದ ಫೋಟೋ ತೆಗೆದು ಅವತ್ತೇ ತೋರಿಸಿ. ದಿನ ಕಳೆದಷ್ಟೂ ನಿಮ್ಮ ಮಾತಿನ ತೂಕ ಕಡಿಮೆ.

ದೂರು ಹೇಗೆ ಕೊಡಬೇಕು?

ಮೊದಲು ಅದೇ ಶಾಖೆಯ ಮ್ಯಾನೇಜರ್ ಹತ್ತಿರ, ಸಮಾಧಾನವಾಗಿ. ಕೌಂಟರಿನ ಮುಂದೆ ಕೂಗಾಡಿದರೆ ಅವರು ನಿಮ್ಮ ಸಿಟ್ಟಿನ ಬಗ್ಗೆ ಮಾತಾಡುತ್ತಾರೆ, ಕಾರಿನ ಬಗ್ಗೆ ಅಲ್ಲ. ಬಗೆಹರಿಯದಿದ್ದರೆ ಮುಖ್ಯ ಕಚೇರಿಗೆ ಬರವಣಿಗೆಯಲ್ಲಿ ಕಳಿಸಿ. ಉದ್ದ ಬೇಡ. ಯಾವ ದಿನ, ಯಾವ ಪಾರ್ಟ್, ಏನು ತಪ್ಪಾಗಿದೆ, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ. ಹೀಗೆ ಬರೆಯಬಹುದು:

"ಇಂಥ ದಿನ ನಿಮ್ಮ ಶಾಖೆಯಲ್ಲಿ ಹೆಡ್‌ಲೈಟ್ ಬಲ್ಬು ಕೊಂಡು ಅಲ್ಲೇ ಹಾಕಿಸಿದ್ದೇನೆ. ಬಲಗಡೆ ಲ್ಯಾಂಪಿನ ಹಿಂದಿನ ರಬ್ಬರ್ ಮುಚ್ಚಳ ಹಾಕದೆ ಬಿಟ್ಟಿದ್ದರಿಂದ ಒಳಗೆ ನೀರು ಸೇರಿದೆ. ಫೋಟೋ, ಬಿಲ್ಲು ಲಗತ್ತಿಸಿದ್ದೇನೆ. ಲ್ಯಾಂಪನ್ನು ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಿ ಅಥವಾ ಬದಲಿಸಿಕೊಡಿ. 14 ದಿನದೊಳಗೆ ಉತ್ತರ ಬೇಕು."

"ಮಾನಸಿಕ ಹಿಂಸೆ", "ನಿಮ್ಮನ್ನು ಬಿಡುವುದಿಲ್ಲ" ಇಂಥ ಮಾತು ಸೇರಿಸಬೇಡಿ, ಕಾಗದದ ಬಲ ಕುಂದುತ್ತದೆ. ಕಾರ್ಡಿನಲ್ಲಿ ದುಡ್ಡು ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ವಾಪಸ್ ಕೇಳುವ ದಾರಿಯೂ ಇರುತ್ತದೆ. ಅದಕ್ಕೆ ಗಡುವು ಇರುವುದರಿಂದ ಬೇಗ ವಿಚಾರಿಸಿ. ಕೊನೆಗೆ ನಿಮ್ಮಲ್ಲಿನ ಗ್ರಾಹಕ ರಕ್ಷಣೆಯ ವ್ಯವಸ್ಥೆ ಇದ್ದೇ ಇದೆ.

ಬೇರೆ ಕಡೆ ಸರಿಮಾಡಿಸಿ ಅವರಿಂದ ದುಡ್ಡು ಕೇಳಬಹುದಾ?

ಮೊದಲು ಅವರಿಗೇ ಒಂದು ಅವಕಾಶ ಕೊಡಿ, ಕೊಟ್ಟಿದ್ದಕ್ಕೆ ಬರವಣಿಗೆ ಇರಲಿ. ನೇರವಾಗಿ ಬೇರೆಯವರಿಂದ ಬಿಚ್ಚಿಸಿದರೆ "ನೀವೇ ಕೈ ಹಾಕಿದ್ದೀರಿ" ಅಂತ ತಪ್ಪಿಸಿಕೊಳ್ಳುತ್ತಾರೆ. ಬ್ರೇಕಿನಂಥ ಅಪಾಯದ ವಿಷಯದಲ್ಲಿ ಕಾಯುವುದು ಬೇಡ. ಆಗಲೂ ಬಿಚ್ಚುವ ಮುಂಚಿನ ಫೋಟೋ, ಏನು ತಪ್ಪಿತ್ತು ಅಂತ ಎರಡನೇ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಹಳೇ ಪಾರ್ಟ್ ಎತ್ತಿಟ್ಟುಕೊಳ್ಳಿ.

ಪಾರ್ಟಿನ ವಾರಂಟಿ, ಫಿಟ್ಟಿಂಗ್ ವಾರಂಟಿ ಒಂದೇನಾ?

ಅಲ್ಲ. ಪಾರ್ಟಿನ ವಾರಂಟಿ ಅದನ್ನು ತಯಾರಿಸಿದ್ದರಲ್ಲಿ ಆದ ದೋಷಕ್ಕೆ. ಹಾಕಿದ ರೀತಿಯಿಂದ ಕೆಟ್ಟರೆ ಹೊಣೆ ಹಾಕಿದವರದ್ದು. "ಕಂಪನಿಗೆ ಕಳಿಸ್ತೀವಿ, ಕಾಯಿರಿ" ಅಂದಾಗ ಮೊದಲು ಇದನ್ನೇ ಇತ್ಯರ್ಥ ಮಾಡಿಕೊಳ್ಳಿ.

ಇಷ್ಟೆಲ್ಲಾ ತಲೆನೋವಿಗಿಂತ ನಾನೇ ಹಾಕಿಕೊಳ್ಳಲಾ?

ವೈಪರ್, ಸುಲಭದ ಬಲ್ಬು ಖಂಡಿತ ಆಗುತ್ತದೆ, ಕೈಪಿಡಿ ನೋಡಿಕೊಂಡು ಮಾಡಿ. ಬಲ್ಬು ಬದಲಿಸುವಾಗ ಲೈಟ್ ಆಫ್ ಇರಲಿ, ಹಳೇದು ತಣ್ಣಗಾಗಲಿ. ವೈಪರ್ ಬದಲಿಸುವಾಗ ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಹಾಸಿ. ಬ್ಲೇಡ್ ಇಲ್ಲದ ವೈಪರಿನ ಲೋಹದ ಕೈ ಸ್ಪ್ರಿಂಗಿನ ರಭಸಕ್ಕೆ ಬಂದು ಬಡಿದರೆ ವಿಂಡ್‌ಸ್ಕ್ರೀನ್ ಸೀಳುತ್ತದೆ.